ಬೋರಲು ಹಾಕಿದ ಬಸಿ

ನಾನು ಅರ್ಥಶಾಸ್ತ್ರದ ಮೇಷ್ಟ್ರು. ಕಲಬುರಗಿಯ ವಿಶ್ವವಿದ್ಯಾಲಯವೊಂದರಲ್ಲಿ ಪಾಠ ಹೇಳುತ್ತೇನೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಈ ನೆನಪಿನಲ್ಲಿ ನನ್ನೊಬ್ಬನನ್ನು ಬಿಟ್ಟು ಉಳಿದವರೆಲ್ಲ ದೊಡ್ಡ ಮನುಷ್ಯರಂತೆ ನಡೆದುಕೊಂಡಿದ್ದಾರೆ.

ನಮ್ಮಲ್ಲಿ ಬೇರೆ ಬೇರೆ ವಿಭಾಗದ ಅಧ್ಯಾಪಕರು ಸೇರಿ ನಡೆಸುವ ಅಧ್ಯಯನ ಬಳಗವೊಂದಿದೆ. ವರ್ಷಕ್ಕೊಂದು ಜಾಗತಿಕ ವಿಷಯ ಹಿಡಿದು ಶನಿವಾರಗಳಂದು ಕೂರುತ್ತೇವೆ. ಒಂದು ವರ್ಷ ವಲಸೆ, ಒಂದು ವರ್ಷ ಬಿಸಿಲು, ಇನ್ನೊಂದು ವರ್ಷ ಏರುತ್ತಿರುವ ಸಮುದ್ರ. ಕಡಲ ತೆರೆಯನ್ನು ಎಲ್ಲೋ ಒಂದೆರಡು ಸಲ ಕಂಡ ನಾವು, ಏಪ್ರಿಲ್ ಬಿಸಿಲಿನಲ್ಲಿ ಬೆವರು ಒರೆಸಿಕೊಳ್ಳುತ್ತ ಮುಳುಗಲಿರುವ ದ್ವೀಪಗಳ ಚಿಂತೆ ಮಾಡಿದೆವು. ನಕ್ಕವರು ನಕ್ಕರು. ಆದರೆ ಯಾರೂ ಕರೆಯದೆ, ಯಾವ ಬಡ್ತಿಯ ಆಸೆಯೂ ಇಲ್ಲದೆ ಜನ ಹೀಗೆ ಕಲಿಯಲು ಬಂದು ಕೂರುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಬಳಗ ಕಟ್ಟಿದವರು ಸಸ್ಯಶಾಸ್ತ್ರದ ಮೇಡಂ. ಅಲ್ಲಿನ ಒಂದೇ ಒಂದು ನಿಯಮವೂ ಅವರದೇ. ಎಲ್ಲರಿಗೂ ಕಪ್ಪಿನ ಅಡಿ ಬಸಿ ಇಟ್ಟು ಚಹಾ ಬರುತ್ತದೆ. ಮಾತು ಅರ್ಥವಾಗದಿದ್ದವರು ಬಸಿಯನ್ನು ಬೋರಲು ಹಾಕಬೇಕು. ಮಾತಾಡುತ್ತಿದ್ದವರು ಅಲ್ಲೇ ನಿಂತು, ಅದನ್ನೇ ಮತ್ತೆ ಸರಳವಾಗಿ ಹೇಳಬೇಕು.

"ಪ್ರೊಫೆಸರ್ ಮಂದಿ ಬಾಯಿಬಿಟ್ಟು ತಿಳೀಲಿಲ್ಲ ಅನ್ನೂದಿಲ್ರಿ," ಎನ್ನುತ್ತಿದ್ದರು ಮೇಡಂ. "ಬಸಿಗೆ ಏನು ನಾಚಿಕಿ?"

ಅತಿ ಹೆಚ್ಚು ಸಲ ಬಸಿ ಬೋರಲು ಹಾಕುತ್ತಿದ್ದವರು ಉರ್ದು ವಿಭಾಗದ ಸರ್. ನಮ್ಮೂರಿನದೇ ಗಾಜಿಪುರ ಬಡಾವಣೆಯಿಂದ ಹಳೆಯ ಸ್ಕೂಟರಿನಲ್ಲಿ ಬಂದು ನನ್ನ ಪಕ್ಕದಲ್ಲೇ ಕೂರುತ್ತಿದ್ದರು. "ನಿಮ್ಮ ಬಸಿ ಅಂಗಾತ ಮಲಗಿದ್ದು ನಾ ನೋಡೇ ಇಲ್ಲ ಸರ್" ಎಂದು ನಾನು ಕಾಡಿಸಿದರೆ, "ಕ್ಯಾ ಕರೂಂ ಸಾಬ್, ದಡ್ಡ ಇದ್ದೀನಿ" ಎಂದು ಅವರೇ ಮೊದಲು ನಗುತ್ತಿದ್ದರು. ಬಳಗ ಸೇರಿದ ಆರು ವರ್ಷದಲ್ಲಿ ನನ್ನ ಬಸಿ ಒಮ್ಮೆಯೂ ಬೋರಲಾಗಿರಲಿಲ್ಲ. ನನಗೆ ಎಲ್ಲವೂ ತಿಳಿಯುತ್ತಿತ್ತು ಅಂತಲ್ಲ. ಮೇಡಂ ಎಲೆ, ಬೇರು ಎಂದು ಶುರುಮಾಡಿದರೆ ನಾನು ತಲೆಯಾಡಿಸುತ್ತ ಮೊಬೈಲ್ ನೋಡುತ್ತಿದ್ದೆ.

ಹೋದ ವರ್ಷ ನಮ್ಮ ವಿಷಯ ದೇಶದಿಂದ ದೇಶಕ್ಕೆ ಪ್ರಯಾಣ ಮಾಡುವ ಹಣ್ಣುಗಳು. ಮೇಡಂಗೆ ನಿವೃತ್ತಿ ಹತ್ತಿರ ಬಂದಿತ್ತು. ಬಳಗವನ್ನು ಮುಂದೆ ಯಾರು ನಡೆಸಬೇಕು ಎಂಬುದನ್ನು ಅವರೇ ಬರೆದು ಕೊಡಬೇಕಿತ್ತು. ಆ ಜಾಗ ನನಗೆ ಬೇಕಿತ್ತು. ಮುಚ್ಚುಮರೆ ಏಕೆ, ತುಂಬಾ ಬೇಕಿತ್ತು. ಅದಕ್ಕೇ ವರ್ಷದ ಕೊನೆಯ ಪ್ರಬಂಧವನ್ನು ನಾನೇ ಕೇಳಿ ಪಡೆದೆ: ನಮ್ಮ ಪಕ್ಕದ ಕಮಲಾಪುರದ ಕೆಂಪು ಬಾಳೆ ಜಗತ್ತಿನ ಬಾಳೆಗಳ ಎದುರು ನಿಲ್ಲಬಲ್ಲದೇ? ನಿಲ್ಲಬಲ್ಲದು ಎಂದು ಕೋಷ್ಟಕಗಳ ಸಮೇತ ಸಾಧಿಸಿಬಿಟ್ಟೆ.

ಪ್ರಬಂಧವನ್ನು ಮೊದಲು ಬಳಗದಲ್ಲಿ ಓದಿದಾಗ ಮೂರನೆಯ ಪುಟಕ್ಕೇ ಉರ್ದು ಸರ್ ಅವರ ಬಸಿ ಬೋರಲಾಯಿತು.

"ವರ್ಷಕ್ಕೊಂದು ಬೆಳಿ ಅಂತ ಹ್ಯಾಂಗ ಹಿಡಿದ್ರಿ ಸರ್? ನನಗ ತಿಳೀಲಿಲ್ಲ."

"ಇದು ಶಾಯರಿ ಅಲ್ರಿ ಸರ್, ಲೆಕ್ಕ. ಮುಂದ ಹೋಗೋಣ," ಎಂದು ರೇಗಿ ಪುಟ ತಿರುವಿದೆ. ಬಳಗದ ಒಂದೇ ನಿಯಮವನ್ನು ನಾನು ಎಲ್ಲರೆದುರು ಮುರಿದಿದ್ದೆ. ಅವರು ತಮ್ಮ ಬಸಿಯನ್ನು ತಾವೇ ನೆಟ್ಟಗೆ ಮಾಡಿಕೊಂಡರು. ಮೇಡಂ ಅದನ್ನು ನೋಡಿದರು.

ಕೊನೆಯ ಸಭೆಯನ್ನು ಬೆಳೆಗಾರರ ಎದುರೇ ನಡೆಸಬೇಕೆಂಬುದು ಮೇಡಂ ಅವರ ಆಸೆ. ಹಾಗಾಗಿ ಒಂದು ಬೆಳಿಗ್ಗೆ ವ್ಯಾನು ಮಾಡಿಕೊಂಡು ಕಮಲಾಪುರಕ್ಕೆ ಹೋದೆವು. ತೋಟದ ಪಕ್ಕದ ತಗಡಿನ ಚಪ್ಪರದಲ್ಲಿ ಹತ್ತಾರು ಜನ ಬೆಳೆಗಾರರು ಕೂತಿದ್ದರು. ಬೆಳೆಗಾರರಿಗೂ ಮೇಡಂ ಬಸಿಯ ನಿಯಮ ಹೇಳಿದರು. ಅವರೆಲ್ಲ ಬಸಿಗೇ ಚಹಾ ಸುರುವಿಕೊಂಡು ಕುಡಿಯುವವರಾದ್ದರಿಂದ, ಕುಡಿದು ಮುಗಿಸುವ ತನಕ ನನಗೆ ಅಡ್ಡಿಯಾಗಲಿಲ್ಲ. ಆಮೇಲೆ ಮುಂದೆ ಕೂತಿದ್ದ ಬೆಳೆಗಾರ ಹೆಂಗಸೊಬ್ಬರು ಬಸಿಯ ತಳದಲ್ಲಿ ಉಳಿದ ಹನಿಯನ್ನು ಝಾಡಿಸಿ, ಅದನ್ನು ಬೋರಲು ಹಾಕಿದರು.

"ಸರ್, ನೀವು ವರ್ಷಾ ವರ್ಷಾ ಗೊನಿ ಕಡ್ಯಾಕತ್ತೀರಿ. ನಮ್ಮ ಕೆಂಪು ಬಾಳಿ ಹಂಗ ಬರೂದಿಲ್ರಿ. ಹಚ್ಚಿದ ಮ್ಯಾಲೆ ಗೊನಿ ಕೈಗೆ ಬರಾಕ ಒಂದೂವರಿ ವರ್ಷ ಆಗ್ತದ. ಹೆಚ್ಚಿನ ಗೊನಿ ನೀವು ಎಲ್ಲಿಂದ ತಂದ್ರಿ?"

ಚಪ್ಪರವೆಲ್ಲ ನಕ್ಕಿತು. ನಾನು ಕೋಷ್ಟಕ ನೋಡಿದೆ. ಮಾಮೂಲಿ ಬಾಳೆಯ ಲೆಕ್ಕವನ್ನೇ ಕೆಂಪು ಬಾಳೆಗೂ ಹಾಕಿದ್ದೆ. ಮೇಡಂ ಈ ಒಂದೂವರೆ ವರ್ಷದ ಬಗ್ಗೆ ಒಂದು ಇಡೀ ಶನಿವಾರ ಮಾತಾಡಿದ್ದರು, ನಾನು ತಲೆಯಾಡಿಸಿದ್ದೆ. ಕೈಯಲ್ಲಿದ್ದ ಇಪ್ಪತ್ತು ಪುಟಗಳೂ ಆ ಒಂದು ತಪ್ಪಿನ ಮೇಲೆ ನಿಂತಿದ್ದವು.

"ನಾನು ಮೊದಲೇ ಕೇಳಿದ್ದೆ" ಎಂದು ಹೇಳುವ ಎಲ್ಲ ಹಕ್ಕೂ ಉರ್ದು ಸರ್‌ಗೆ ಇತ್ತು. ಅವರ ಜಾಗದಲ್ಲಿ ನಾನಿದ್ದಿದ್ದರೆ ಖಂಡಿತ ಹೇಳುತ್ತಿದ್ದೆ. ಆದರೆ ಅವರು ಎದ್ದು ನಿಂತು, "ಅಮ್ಮಾ, ನಾವು ಎಲ್ಲಾರೂ ಕೂಡಿ ತಪ್ಪು ಮಾಡೀವ್ರಿ. ನೀವು ಮೊದಲಿಂದ ಹೇಳ್ರಿ, ನಾವು ಬರಕೋತೀವಿ," ಎಂದರು. ನೋಟ್‌ಬುಕ್ ಬಿಚ್ಚಿಕೊಂಡು ಆ ತಾಯಿಯ ಎದುರು ನೆಲದ ಮೇಲೆಯೇ ಕೂತರು. ಆಕೆ ಗಿಡ ಹಚ್ಚುವುದರಿಂದ ಗೊನೆ ಇಳಿಸುವ ತನಕ ಹೇಳುತ್ತ ಹೋದರು. ಸರ್ ಉರ್ದುವಿನಲ್ಲಿ ಬರೆದುಕೊಂಡರು. ನಾನೂ ಕೂತೆ, ನನ್ನ ಪ್ರಬಂಧದ ಹಿಂಬದಿಯ ಖಾಲಿ ಹಾಳೆಯಲ್ಲಿ ಬರೆದುಕೊಂಡೆ. ಆರು ವರ್ಷದಲ್ಲಿ ಅಷ್ಟು ಗಮನವಿಟ್ಟು ನಾನು ಏನನ್ನೂ ಕೇಳಿರಲಿಲ್ಲ.

ಮರಳಿ ಬರುವಾಗ ವ್ಯಾನಿನಲ್ಲಿ ಮೇಡಂ ಪಕ್ಕ ಕೂತಿದ್ದೆ. ಸೇಡಂ ರಸ್ತೆಯಲ್ಲಿ ಅವರ ಮನೆ ಹತ್ತಿರವಾಗುವ ಹೊತ್ತಿಗೆ ಧೈರ್ಯ ಮಾಡಿ, "ಬಳಗ ಉರ್ದು ಸರ್ ಕೈಯಾಗ ಕೊಡ್ರಿ ಮೇಡಂ," ಎಂದೆ.

ಅವರು ಚೀಲದಿಂದ ಪತ್ರವೊಂದನ್ನು ತೆಗೆದರು. "ನಾ ನಿಮ್ಮ ಹೆಸರು ಬರ್ದು ಇಟ್ಟೀನ್ರಿ. ಇವತ್ತು ಕೊಡಬೇಕಂತ ತಂದಿದ್ದೆ."

ನೋಡಿದೆ. ನಿಜವಾಗಿಯೂ ನನ್ನ ಹೆಸರೇ ಇತ್ತು. ಅಂದು ನಿಯಮ ಮುರಿದುದನ್ನು ನೋಡಿಯೂ ನನ್ನನ್ನು ನಂಬಿದ್ದರು. ಒಂದು ಕ್ಷಣ ಸುಮ್ಮನಿದ್ದುಬಿಡೋಣ ಎನಿಸಿದ್ದೂ ಸುಳ್ಳಲ್ಲ.

"ಬದಲು ಮಾಡ್ರಿ," ಎಂದೆ.

"ಹಂಗಾದ್ರ ನೀವ ತಿದ್ರಿ," ಎಂದು ಪೆನ್ನು ಕೊಟ್ಟರು.

ನನ್ನ ಹೆಸರನ್ನು ಹೊಡೆದುಹಾಕಿದೆ. ಅದರ ಮೇಲೆ ಉರ್ದು ಸರ್ ಹೆಸರು ಬರೆಯಲು ಹೋದವನು ಅಲ್ಲೇ ತಡೆದೆ. ಆರು ವರ್ಷ ಪಕ್ಕದಲ್ಲಿ ಕೂತವರು, ನನ್ನ ಬಾಯಲ್ಲಿ ಬರೀ 'ಉರ್ದು ಸರ್' ಆಗಿದ್ದರು. ಹಿಂದಿನ ಸೀಟಿಗೆ ತಿರುಗಿ, "ಸರ್, ನಿಮ್ಮ ಪೂರ್ತಿ ಹೆಸರು ಏನ್ರಿ?" ಎಂದು ಕೇಳಿದೆ. ಅವರು ಏಕೆಂದು ಕೇಳದೆ, ನನಗೆ ಬರೆದುಕೊಳ್ಳಲು ಅನುಕೂಲವಾಗುವಷ್ಟು ನಿಧಾನವಾಗಿ ಹೇಳಿದರು.