ಬಟ್ಟೆಯ ಕೆಳಗಿನ ಕೈ

ಮೊದಲು ಕಂಡದ್ದು ರಕ್ತ. ಕೆನೆ ಬಣ್ಣದ ರೇಷ್ಮೆ ಬ್ಲೌಸಿನ ತೋಳಿನ ಮೇಲೆ, ಸಾಸಿವೆ ಕಾಳಿನಷ್ಟು ಒಂದು ಚುಕ್ಕೆ. ಪಕ್ಕದಲ್ಲೇ ಇನ್ನೊಂದು. ಬೇಲೂರಿನ ಮದುಮಗಳೊಬ್ಬಳ ಧಾರೆಯ ಬ್ಲೌಸು ಅದು. ತೋಳಿನ ಅಂಚಿಗೆ ಮಾವಿನಕಾಯಿ ಬಳ್ಳಿ ಹಾಕಿಕೊಡಲು ಒಪ್ಪಿಕೊಂಡಿದ್ದೆ.

"ಯಾರೇ ಇದನ್ನ ಮುಟ್ಟಿದ್ದು?" ಎಂದು ಕೂಗಾಡಿದೆ. ನನ್ನ ಹೊಲಿಗೆ ಕ್ಲಾಸಿನಲ್ಲಿ ಆಗ ಏಳು ಜನ ಹೆಂಗಸರು. ನನಗೆ ಅನುಮಾನ ಬಂದದ್ದು ಎಡಕ್ಕೆ ಕೂತಿದ್ದ ಜಯಮ್ಮನ ಮೇಲೆ. ಹಳೇಬೀಡಿನ ದೇವಸ್ಥಾನದ ಹತ್ತಿರ ಎಳನೀರು ಮಾರುವ ಜಯಮ್ಮ ನನಗಿಂತ ಏಳೆಂಟು ವರ್ಷ ದೊಡ್ಡವಳು. ಮಗಳ ಮದುವೆ ಮುಗಿಸಿ, ಇನ್ನು ನನ್ನ ಆಸೆ ತೀರಿಸಿಕೊಳ್ಳುತ್ತೇನೆ ಎಂದು ಸೂಜಿ ಹಿಡಿಯಲು ಬಂದವಳು. ಕೈ ಒರಟು, ಬಾಯಿ ಅದಕ್ಕಿಂತ ಒರಟು. ಎಲ್ಲರೆದುರು ಅವಳನ್ನು ಬೈದೆ.

ಜಯಮ್ಮ ಎರಡೂ ಅಂಗೈ ಬಿಡಿಸಿ ತೋರಿಸಿದಳು. ಆಮೇಲೆ ಮೆತ್ತಗೆ ಅಂದಳು, "ನಂದಲ್ಲ ಟೀಚರಮ್ಮ. ನಿಮ್ ಕೈ ನೋಡ್ಕಳಿ."

ನನ್ನ ಎಡಗೈಯ ತೋರುಬೆರಳಿನಿಂದ ರಕ್ತ ಇಳಿಯುತ್ತಿತ್ತು.

ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ತೋರಿಸುವವರನ್ನು ಕಂಡು ಎಷ್ಟೋ ಸಲ ನಕ್ಕಿದ್ದೇನೆ. ಅವತ್ತು ಆ ಜನರಲ್ಲಿ ನಾನೂ ಸೇರಿದೆ. ಆದರೆ ಹೆದರಲಿಲ್ಲ. ಉಗುಳು ಹಚ್ಚಿ ಉಜ್ಜಿ ಕಲೆ ತೆಗೆದೆ. ಹೋಗದೆ ಉಳಿದಷ್ಟನ್ನು ಮುಚ್ಚಲು ಮಾವಿನಕಾಯಿಯ ತುದಿಯನ್ನು ಸ್ವಲ್ಪ ದಪ್ಪ ಮಾಡಿದೆ. ಧಾರೆಯ ಬ್ಲೌಸು ಎಂಜಲಾಗಿದೆ ಎಂದು ಯಾರಿಗೂ ಹೇಳಲಿಲ್ಲ. ಮುಚ್ಚಿಡುವುದರಲ್ಲಿ ನಾನು ಮೊದಲಿನಿಂದಲೂ ಗಟ್ಟಿ.

ಹೆದರದಿರಲು ಕಾರಣವಿತ್ತು. ನಾನು ಹೊಲಿಗೆ ಕಲಿತದ್ದು ತವರಿನಲ್ಲಿ, ಅರಸೀಕೆರೆ ಸ್ಟೇಷನ್ನಿನ ಹಿಂದಿನ ಬೀದಿಯ ಟೀಚರೊಬ್ಬರ ಹತ್ತಿರ. ಸೂಜಿ ಚುಚ್ಚಿಕೊಂಡು "ಅಮ್ಮಾ" ಎಂದವರಿಗೆ ಅವರು, "ಚುಚ್ಚಿದ್ದು ಗೊತ್ತಾಗದ ದಿನ ಬರುತ್ತೆ. ಅವತ್ತು ಕೈ ಪಳಗಿತು ಅಂತ ತಿಳ್ಕೊ" ಎನ್ನುತ್ತಿದ್ದರು. ಮದುವೆಯಾಗಿ ಹಳೇಬೀಡಿಗೆ ಬಂದು, ಬಸ್ತಿಹಳ್ಳಿಗೆ ಹೋಗುವ ದಾರಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕ್ಲಾಸು ಶುರು ಮಾಡಿದ ಮೇಲೆ ನಾನೂ ಅದನ್ನೇ ಹೇಳಿಕೊಡುತ್ತಿದ್ದೆ. ನನಗೆ ಆ ದಿನ ಮೂವತ್ತಾರನೇ ವಯಸ್ಸಿಗೆ ಬಂತು. ಎಡಗೈ ಬೆರಳಿಗೆ ಸೂಜಿ ತಾಗಿದರೆ ನೋಯುವುದು ನಿಂತಿತು. ಹೆಮ್ಮೆಯಾಯಿತು. ಹೊಸಬರು ಸೇರಿದಾಗಲೆಲ್ಲ ಬೆರಳ ತುದಿಗೆ ಸೂಜಿ ಒತ್ತಿ, "ನೋಡಿ, ಹೀಗಾಗಬೇಕು" ಎಂದು ತೋರಿಸುತ್ತಿದ್ದೆ.

ಎರಡು ವರ್ಷ ನನ್ನ ಕಾಯಿಲೆಯನ್ನೇ ಪ್ರದರ್ಶನಕ್ಕಿಟ್ಟು ಮೆರೆದೆ.

ಕಸೂತಿ ಹಾಕದವರಿಗೆ ಒಂದು ಮಾತು ಹೇಳಬೇಕು. ನೋಡುವವರೆಲ್ಲ ಬಲಗೈಯನ್ನು ನೋಡುತ್ತಾರೆ. ಅರ್ಧ ಕೆಲಸ ನಡೆಯುವುದು ರಿಂಗಿಗೆ ಬಿಗಿದ ಬಟ್ಟೆಯ ಕೆಳಗೆ, ಎಡಗೈಯಲ್ಲಿ. ಸೂಜಿ ಎಲ್ಲಿ ಇಳಿಯಿತು, ಯಾವ ಎಳೆಯ ಪಕ್ಕದಿಂದ ಮೇಲೆ ಕಳಿಸಬೇಕು, ದಾರ ಸಿಕ್ಕು ಬಿತ್ತೇ, ಎಳೆದದ್ದು ಹೆಚ್ಚಾಯಿತೇ, ಇದೊಂದೂ ಕಣ್ಣಿಗೆ ಕಾಣುವುದಿಲ್ಲ. ಆ ಕೈಗೆ ಗೊತ್ತಾಗುತ್ತದೆ. ಬೆಳಿಗ್ಗೆ ಯಜಮಾನರು ಬೇಲೂರಿನ ಆಫೀಸಿಗೆ, ಮಗಳು ಸ್ಕೂಲಿಗೆ ಹೋದ ಮೇಲೆ ಬೇಳೆ ಬೇಯಲು ಇಟ್ಟು ಕೂತರೆ, ಕುಕ್ಕರು ಮೂರು ಸಲ ಕೂಗುವಷ್ಟರಲ್ಲಿ ಒಂದು ಎಲೆ ತುಂಬುತ್ತಿತ್ತು. ಹಸಿರು ದಾರದಲ್ಲಿ ಶುರು ಮಾಡಿ ತುದಿಗೆ ಬರುವಾಗ ತಿಳಿಹಸಿರಿಗೆ ದಾಟುವುದರಲ್ಲಿ ಎಂಥ ಸುಖವಿತ್ತೆಂದರೆ, ಅದರ ಮುಂದೆ ಊಟ ನಿದ್ದೆ ಏನೂ ಅಲ್ಲ. ದಿಂಬಿನ ಕವರು, ಟಿ.ವಿ.ಗೆ ಹೊದಿಸುವ ಬಟ್ಟೆ, ಮಗಳ ಫ್ರಾಕಿನ ಜೇಬು, ಖಾಲಿ ಬಟ್ಟೆ ಕಂಡರೆ ಕೈ ಸುಮ್ಮನಿರುತ್ತಿರಲಿಲ್ಲ. "ನಾನು ಸ್ವಲ್ಪ ಹೊತ್ತು ಅಲ್ಲಾಡದೆ ಕೂತ್ರೆ ನನ್ನ ಮೇಲೂ ಎರಡು ಹೂವು ಹಾಕಿಬಿಡ್ತೀಯ ಕಣೇ" ಎಂದು ಯಜಮಾನರು ರೇಗಿಸುತ್ತಿದ್ದರು.

ರಕ್ತ ಬಿದ್ದ ಎರಡು ತಿಂಗಳಿಗೆ ಎಡಗೈಯ ಕಿರುಬೆರಳು ಬಗ್ಗಿತು, ಮತ್ತೆ ನೆಟ್ಟಗಾಗಲಿಲ್ಲ. ಆಮೇಲೆ ಅದರ ಪಕ್ಕದ್ದು. ಮೊಣಕೈ ಜೋಮು ಹಿಡಿದ ಹಾಗೆ ಜುಮುಗುಡುತ್ತಿತ್ತು. ಹಾಸನದ ಆಸ್ಪತ್ರೆಗೆ ಹೋದೆವು.

ವಯಸ್ಸಾದ ಡಾಕ್ಟರು. ಮೊಣಕೈಯ ಹಿಂದೆ ಒತ್ತಿ ನೋಡಿದರು. ಮುಂಗೈ ಮೇಲಿದ್ದ ಮಾಸಲು ಮಚ್ಚೆಯನ್ನು ನೋಡಿದರು. ಬಿಸಿಲಿಗೆ ಆದದ್ದು ಎಂದು ನಾನು ಬಿಟ್ಟಿದ್ದ ಮಚ್ಚೆ ಅದು. "ಕಣ್ಣು ಮುಚ್ಕೊಳ್ಳಿ. ಹತ್ತಿಯಲ್ಲಿ ಮುಟ್ತೀನಿ. ಗೊತ್ತಾದಾಗೆಲ್ಲ ಹೂಂ ಅನ್ನಿ" ಎಂದರು. ಬಲಗೈ ಮುಟ್ಟಿದಾಗೆಲ್ಲ ಹೂಂ ಎಂದೆ. ನಂತರ ಎಡಗೈ ಚಾಚಿ ಕಾದೆ. ಕಾದೆ. ಫ್ಯಾನಿನ ಸದ್ದು ಮಾತ್ರ ಕೇಳುತ್ತಿತ್ತು.

"ಶುರು ಮಾಡಿ ಸಾರ್" ಎಂದೆ.

"ಮುಗೀತಮ್ಮ. ಕಣ್ಣು ಬಿಡಿ."

ಕಣ್ಣು ಬಿಟ್ಟಾಗ ಯಜಮಾನರು ಗೋಡೆ ನೋಡುತ್ತಿದ್ದರು.

ಲೆಪ್ರಸಿ.

ಡಾಕ್ಟರು ತುಂಬ ಹೊತ್ತು ಮಾತಾಡಿದರು. ಇದು ವಾಸಿಯಾಗುವ ಕಾಯಿಲೆ, ಮಾತ್ರೆ ಶುರುವಾದರೆ ಇನ್ನೊಬ್ಬರಿಗೆ ಹರಡುವುದಿಲ್ಲ, ಎರಡು ವರ್ಷ ತಪ್ಪದೆ ನುಂಗಬೇಕು ಎಂದರು. ನಾನು ಕೇಳಿದ್ದು ಒಂದೇ, "ಕೈಗೆ ಮತ್ತೆ ಗೊತ್ತಾಗುತ್ತಾ ಸಾರ್? ನಾನು ಹೊಲಿಯೋಳು." ಅವರು ಕನ್ನಡಕ ತೆಗೆದು ಒರೆಸಿದರು. "ಪ್ರಯತ್ನ ಮಾಡೋಣ. ಎರಡು ವರ್ಷ ಮುಂಚೆ ಬಂದಿದ್ರೆ..." ಎಂದರು. ಗಂಡನನ್ನೂ ಮಗಳನ್ನೂ ಪರೀಕ್ಷೆ ಮಾಡಬೇಕು ಎಂದರು. ಆಮೇಲೆ, "ದಿನಾ ನಿಮ್ಮ ಪಕ್ಕ ಕೂತು ಕೆಲಸ ಮಾಡೋರು ಯಾರಾದ್ರೂ ಇದಾರಾ?" ಎಂದು ಕೇಳಿದರು.

"ಇಲ್ಲ ಸಾರ್. ಮನೇಲೇ ಇರ್ತೀನಿ."

ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯ. ವಾಪಸು ಬರುವ ಬಸ್ಸಿನಲ್ಲಿ ಯಜಮಾನರು ಮೆಲ್ಲಗೆ ಹೇಳಿದರು, "ಒಳ್ಳೇದೇ ಆಯ್ತು ಬಿಡು. ಮಗಳು ಬೆಳೀತಿದಾಳೆ. ಕೇಳಿದೋರಿಗೆ ನರದ ತೊಂದರೆ ಅನ್ನು. ಸುಳ್ಳೇನಲ್ವಲ್ಲ." ಮಗಳಿಗೂ ಅವರಿಗೂ ಏನೂ ಇಲ್ಲವೆಂದು ತಿಳಿದ ದಿನ ದೇವರಿಗೆ ತುಪ್ಪದ ದೀಪ ಹಚ್ಚಿದೆ. ಕ್ಲಾಸಿನ ಏಳು ಜನಕ್ಕೆ ನರದ ತೊಂದರೆ ಎಂದು ಹೇಳಿ ಬಾಗಿಲು ಹಾಕಿದೆ. ಅವರು ಪಾಪ, ಮಾಲೇಕಲ್ಲಿನ ದೇವರಿಗೆ ಹರಕೆ ಹೊತ್ತು ಬನ್ನಿ ಎಂದರು.

ತಿಂಗಳಿಗೊಮ್ಮೆ ದೊಡ್ಡ ಡೋಸು ನುಂಗಿದ ದಿನ ಮೂತ್ರ ಕೆಂಪಗೆ ಹೋಗುತ್ತಿತ್ತು. ಬರಬರುತ್ತಾ ಮುಖ ಕಪ್ಪಾಯಿತು, ಚರ್ಮ ಒಣಗಿ ಹಾವಿನ ಪೊರೆಯ ಹಾಗಾಯಿತು. ನಾಲ್ಕು ಜನ ಸೇರುವ ಕಡೆ ಹೋಗುವುದು ಬಿಟ್ಟೆ. ಸಂಜೆ ಯಜಮಾನರು ನನ್ನ ಕೈಯನ್ನು ನೀರಿನಲ್ಲಿ ನೆನೆಸಿ, ಎಣ್ಣೆ ಹಚ್ಚಿ, ಬಗ್ಗಿದ ಬೆರಳುಗಳನ್ನು ಒಂದೊಂದಾಗಿ ನೀವಿ ನೆಟ್ಟಗೆ ಮಾಡುತ್ತಿದ್ದರು. ಬಿಟ್ಟರೆ ಮತ್ತೆ ಬಗ್ಗುತ್ತಿದ್ದವು. ಅವರು ಹಿಡಿದಿದ್ದಾರೆ ಎಂದು ಕಣ್ಣಿಗೆ ಕಾಣುತ್ತಿತ್ತು, ಅಷ್ಟೆ. ಗಂಡ ಕೈ ಹಿಡಿದದ್ದು ಗೊತ್ತಾಗದ ಹೆಂಗಸು ನಾನು. ಸಾಯಬೇಕು ಅನ್ನಿಸಿದ್ದು ಆ ಸಂಜೆಗಳಲ್ಲಿ.

ಐದನೇ ತಿಂಗಳು ಒಂದು ಮಧ್ಯಾಹ್ನ ತಡೆಯಲಾಗಲಿಲ್ಲ. ಬೀರುವಿನಿಂದ ರಿಂಗು ತೆಗೆದು ಮಗಳ ಕರ್ಚೀಫು ಬಿಗಿದೆ. ಸಣ್ಣ ನವಿಲು. ನೀಲಿ ದಾರದಲ್ಲಿ ಕತ್ತು ತುಂಬುತ್ತಾ ಹೋದೆ. ಚೆನ್ನಾಗಿಯೇ ಬರುತ್ತಿದೆ ಅನ್ನಿಸಿತು, ಹಾಡು ಕೂಡ ಗುನುಗಿದೆ. ಒಳಗೆ ಹಾಲು ಉಕ್ಕುವ ಸದ್ದಾಯಿತು. ರಿಂಗು ಕೆಳಗಿಟ್ಟು ಎದ್ದೆ.

ರಿಂಗು ನನ್ನ ಕೈಯ ಜೊತೆಗೇ ಎದ್ದು ಬಂತು.

ಬೆರಳನ್ನೂ ಸೇರಿಸಿ ಹೊಲಿದಿದ್ದೆ. ನಾಲ್ಕು ಹೊಲಿಗೆ, ಒತ್ತೊತ್ತಾಗಿ, ನಾನು ಎಲ್ಲರಿಗೂ ಕಲಿಸಿದ ಹಾಗೆ ಅಳತೆ ತಪ್ಪದೆ. ಕತ್ತರಿಯಲ್ಲಿ ದಾರ ತುಂಡು ಮಾಡಿ ಎಳೆದಾಗ ಚರ್ಮದೊಳಗಿಂದ ನೀಲಿ ದಾರ ಬಂತು. ನೋವಿಲ್ಲ. ಹಾಲು ಒಲೆಯೆಲ್ಲ ಹರಿಯಿತು. ಅಡುಗೆಮನೆಯ ನೆಲದ ಮೇಲೆ ಕೂತು, ಒಂದು ಸಲ ನೋಯಲಿ ದೇವರೇ ಎಂದು ಬೇಡಿಕೊಂಡೆ.

ಅದಾದ ಹದಿನೈದು ದಿನಕ್ಕೆ ಜಯಮ್ಮ ಬಂದಳು. ನೋಡಿ ಹೋಗಲು ಎರಡು ಎಳನೀರು ತಂದಿದ್ದಳು. ಕ್ಲಾಸು ಮುಚ್ಚಿದ್ದರೂ ಮನೆಯಲ್ಲಿ ಕಸೂತಿ ಬಿಟ್ಟಿರಲಿಲ್ಲವಂತೆ. ಚೀಲದಿಂದ ಒಂದು ದಿಂಬಿನ ಕವರು ತೆಗೆದು ತೋರಿಸಿದಳು. ಒಳ್ಳೆಯ ಕೆಲಸ. ಹೊಗಳಿದೆ. ಅವಳ ಮುಖ ಅರಳಿತು.

"ಈಗ ನಂಗೂ ಚುಚ್ಚಿದ್ರೆ ನೋಯಕಿಲ್ಲ ಕಣ್ರೀ ಟೀಚರಮ್ಮ. ನಿಮ್ಮಂಗೇ ಆಗೈತೆ. ಕೈ ಪಳಗ್ತು."

ಎಡಗೈ ಚಾಚಿ ಬೆರಳಿಗೆ ಸೂಜಿ ಒತ್ತಿಕೊಂಡಳು. ನನ್ನನ್ನು ನೋಡಿ ನಕ್ಕಳು.

ಹೇಳದಿರಲು ನನಗೆ ಬೇಕಾದಷ್ಟು ಕಾರಣಗಳಿದ್ದವು. ಮಗಳು, ಯಜಮಾನರ ಆಫೀಸು, ಬೀದಿ. ಅವಳ ಬೆರಳುಗಳು ಇನ್ನೂ ನೆಟ್ಟಗಿದ್ದವು. ಅವನ್ನು ನೋಡುತ್ತಾ ನೋಡುತ್ತಾ ಹೇಳಿಬಿಟ್ಟೆ. ರೋಗದ ಹೆಸರು ಹೇಳಿದೆ. ಡಾಕ್ಟರು ಪಕ್ಕದಲ್ಲಿ ಕೂರುವವರು ಯಾರು ಎಂದು ಕೇಳಿದ್ದು, ನಾನು ಯಾರೂ ಇಲ್ಲ ಎಂದದ್ದು, ಅದನ್ನೂ ಹೇಳಿದೆ.

ಜಯಮ್ಮ ದಿಂಬಿನ ಕವರು ಮಡಿಸಿ ಚೀಲಕ್ಕೆ ಹಾಕಿದಳು. "ಆರು ತಿಂಗಳಾತಲ್ಲ" ಎಂದಳು. ಆ ಬಾಯಿಂದ ನಾಲ್ಕು ಬೈಗುಳ ಬಂದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮರುದಿನ ಮೊದಲ ಬಸ್ಸಿಗೆ ಅವಳನ್ನು ಹಾಸನಕ್ಕೆ ಕರೆದುಕೊಂಡು ಹೋದೆ. ಅದೇ ಡಾಕ್ಟರು, ಅದೇ ಹತ್ತಿ. ಅವಳು ಕೆಲವು ಕಡೆ ಹೂಂ ಅಂದಳು, ಕೆಲವು ಕಡೆ ಅನ್ನಲಿಲ್ಲ. ಬೇಗ ಬಂದಿದ್ದೀರಿ, ಕೈ ಉಳಿಯಬಹುದು ಎಂದರು. ನನ್ನಿಂದಲೇ ಬಂತೇ ಎಂದು ಕೇಳಿದೆ. "ಯಾರಿಂದ ಯಾರಿಗೆ ಅಂತ ಯಾರೂ ಹೇಳಕ್ಕಾಗಲ್ಲಮ್ಮ. ವರ್ಷಗಟ್ಟಲೆ ಮೈಯಲ್ಲಿ ಸುಮ್ಮನಿರುತ್ತೆ ಇದು. ಆದ್ರೆ ನನ್ನ ಹತ್ರ ಸುಳ್ಳು ಹೇಳಬಾರದಿತ್ತು" ಎಂದರು. ಬಸ್ಸಿನಲ್ಲಿ ಜಯಮ್ಮ ನನ್ನ ಪಕ್ಕ ಕೂರಲಿಲ್ಲ. ಎರಡು ಸೀಟು ಮುಂದೆ ಕೂತಳು. ಇಳಿದವಳು ತಿರುಗಿ ನೋಡಲಿಲ್ಲ.

ಆ ವಾರ ಉಳಿದ ಆರು ಜನರ ಮನೆಗೆ ಹೋದೆ. ಸೆರಗಿನೊಳಗಿಂದ ಕೈ ಹೊರಗೆ ತೆಗೆದು, ಇದು ಇಂಥದು, ಹತ್ತಿಯಲ್ಲಿ ಮುಟ್ಟಿ ನೋಡುತ್ತಾರೆ, ನೋಯದಿದ್ದರೆ ಹೆಮ್ಮೆಪಡಬೇಡಿ ಎಂದು ಹೇಳಿದೆ. ಒಬ್ಬಳು ಹೊಸಲಿನಲ್ಲೇ ನಿಂತು ಕೇಳಿಸಿಕೊಂಡಳು. ಒಬ್ಬಳು ಮಗುವನ್ನು ಎತ್ತಿಕೊಂಡು ಒಳಗೆ ಹೋದವಳು ಹೊರಗೆ ಬರಲಿಲ್ಲ. ಇನ್ನೊಬ್ಬಳು ನನ್ನಿಂದ ತೆಗೆದುಕೊಂಡು ಹೋಗಿದ್ದ ರಿಂಗನ್ನು ಪೇಪರಿನಲ್ಲಿ ಸುತ್ತಿ ನಮ್ಮ ಕಾಂಪೌಂಡಿನ ಮೇಲೆ ಇಟ್ಟು ಹೋದಳು. ಆರೂ ಜನ ಆಸ್ಪತ್ರೆಗೆ ಹೋಗಿ ಬಂದರೆಂದು ಆಮೇಲೆ ತಿಳಿಯಿತು. ಯಾರಿಗೂ ಏನೂ ಇರಲಿಲ್ಲ. ಯಜಮಾನರು, "ಊರಿಗೆಲ್ಲ ಡಂಗುರ ಸಾರಿ ಬಂದ್ಯಾ?" ಎಂದರು. ಅವತ್ತು ಎಣ್ಣೆ ಹಚ್ಚಲಿಲ್ಲ. ಮರುದಿನ ಹಚ್ಚಿದರು.

ಮಾತ್ರೆ ಮುಗಿದು ಈಗ ಮೂರು ತಿಂಗಳು. ಕಾಯಿಲೆ ಹೋಗಿದೆ ಎಂದು ಬರೆದುಕೊಟ್ಟಿದ್ದಾರೆ. ಕೈ ಹೋಗಿದ್ದು ಹೋಯಿತು. ಬ್ಲೌಸು ಕತ್ತರಿಸಿಕೊಡುತ್ತೇನೆ, ಅದಕ್ಕೆ ಕಣ್ಣು ಸಾಕು. ಕಸೂತಿ ಕೇಳಿಕೊಂಡು ಈಗ ಯಾರೂ ಬರುವುದಿಲ್ಲ. ಬಂದರೂ ಆಗದು. ಇದಕ್ಕೆ ಹೊಂದಿಕೊಂಡೆ ಎಂದು ಬರೆದರೆ ಮತ್ತೊಂದು ಸುಳ್ಳಾಗುತ್ತದೆ.

ಜಯಮ್ಮನ ಮನೆಗೆ ಹೋಗುವ ಧೈರ್ಯ ಹತ್ತಿರ ಹತ್ತಿರ ಎರಡು ವರ್ಷ ಬಂದಿರಲಿಲ್ಲ. ಹೋದ ವಾರ ಹೋದೆ. ಅಂಗಳ ಗುಡಿಸುತ್ತಿದ್ದಳು. ಅವಳ ಮುಖವೂ ನನ್ನ ಹಾಗೇ ಕಪ್ಪಾಗಿತ್ತು. ನನ್ನನ್ನು ನೋಡಿ ಪೊರಕೆ ಬಿಟ್ಟು ನಿಂತಳು.

"ಎಲ್ಲರ್ಗೂ ನೀವೇ ಹೋಗಿ ಹೇಳಿದ್ರಂತೆ."

"ಹೇಳ್ದೆ."

"ಒಳೀಕ್ ಬನ್ನಿ."

ಕಾಫಿ ಮಾಡಿದಳು. ಮನೆಯವರು ಕುಡಿಯುವ ಸ್ಟೀಲ್ ಲೋಟದಲ್ಲೇ ಸುರಿದು ತಂದಳು. ನಾನು ಎಡಗೈ ಚಾಚಿದ ಕೂಡಲೇ ಲೋಟ ಹಿಂದಕ್ಕೆ ತೆಗೆದುಕೊಂಡಳು. ಒಂದು ಗಳಿಗೆ, ಇವಳೂ ಹೀಗೆಯೇ ಅಂದುಕೊಂಡೆ. ಅವಳು ಸೆರಗನ್ನು ನಾಲ್ಕು ಮಡಿಕೆ ಮಾಡಿ ಲೋಟ ಹಿಡಿದು, ನನ್ನ ಬಲಗೈಗೆ ಅದರ ಅಂಚು ಕೊಟ್ಟಳು.

"ಸುಡ್ತದೆ. ನಿಮಗೆ ಗೊತ್ತಾಗಕಿಲ್ಲ" ಎಂದಳು. ಆಮೇಲೆ, "ನಂಗೆ ಈಗ ಗೊತ್ತಾಯ್ತದೆ" ಎಂದಳು.

ಅವಳಿಗಾದರೂ ಗೊತ್ತಾಗುತ್ತದಲ್ಲ, ಅಷ್ಟು ಸಾಕು ಎಂದುಕೊಂಡೆ. ಸಾಕಾಗಲಿಲ್ಲ. ಹೊಟ್ಟೆಕಿಚ್ಚಾಯಿತು, ಅದಕ್ಕೆ ನಾಚಿಕೆಯೂ ಆಯಿತು. ಅವಳು ಎದುರಿಗೆ ಕೂತು ನಾನು ಕುಡಿಯುವುದನ್ನೇ ನೋಡುತ್ತಿದ್ದಳು. ಕಾಫಿಯನ್ನು ಪೂರ್ತಿ ಕುಡಿದೆ.