ಹಾದಿ ಕಟ್ಟಿದ ಹೆಂಗಸರು

ಸಂಪಗಾಂವದ ನಮ್ಮ ಹೊಲಗಳಲ್ಲಿ ಬೋರ್‌ವೆಲ್ ಕೇಬಲ್ ಮೇಲಿಂದ ಮೇಲೆ ಕಳುವಾಗುತ್ತಿತ್ತು. ಠಾಣೆಗೆ ಹೊಸದಾಗಿ ಬಂದ ಮಹಿಳಾ ಪೊಲೀಸ್ ಒಬ್ಬರು ಊರಿನ ಹೆಂಗಸರನ್ನೆಲ್ಲ ಗುಡಿಕಟ್ಟೆಯಲ್ಲಿ ಕೂಡಿಸಿ ತಮ್ಮ ಫೋನ್ ನಂಬರ್ ಕೊಟ್ಟರು.

"ಅಕ್ಕಾರ, ನಾ ಒಬ್ಬಾಕಿ ಎಷ್ಟ ಊರು ಕಾಯಲಿ? ನೀವು ನೋಡಿ ಹೇಳ್ರಿ, ನಾ ಬರತೇನಿ."

ಒಂದು ಮುಂಜಾನೆ ನಾವು ಹೆಂಗಸರು ಕಳೆ ತೆಗೆಯುವಾಗ, ಪಕ್ಕದ ಹೊಲದಲ್ಲಿ ಅಪರಿಚಿತರಿಬ್ಬರು ಕೇಬಲ್ ಸುತ್ತಿ ಟೆಂಪೋದಲ್ಲಿ ಹಾಕುತ್ತಿದ್ದರು. ಆ ಹೊಲದವರಿಗೆ ಫೋನ್ ಮಾಡಿ ಕೇಳಿದರೆ, ತಾವು ಯಾರನ್ನೂ ಕಳಿಸಿಲ್ಲವೆಂದರು. ತಕ್ಷಣ ಆ ಮಹಿಳಾ ಪೊಲೀಸರಿಗೆ ಫೋನ್ ಮಾಡಿದೆ.

"ಹಾದಿ ಕಟ್ಟರಿ. ಅವರ ಮೈ ಮುಟ್ಟಬ್ಯಾಡ್ರಿ. ಹೊಂಟೇನಿ," ಎಂದರು.

ನನ್ನ ನೆಗೆಣ್ಣಿ, ಮೈದುನನ ಹೆಂಡತಿ, ನಮ್ಮ ಟ್ರ್ಯಾಕ್ಟರನ್ನು ಹಾದಿಗೆ ಅಡ್ಡ ನಿಲ್ಲಿಸಿದಳು. ನಾವೆಲ್ಲ ಅದರ ಪಕ್ಕ ನಿಂತೆವು. ಟೆಂಪೋದವರು ಹಾರ್ನ್ ಹೊಡೆದರು, ಬೈದರು, ಯಾರೂ ಕದಲಲಿಲ್ಲ. ಅಷ್ಟರಲ್ಲಿ ಪೊಲೀಸ್ ಜೀಪು ಬಂದು ಇಬ್ಬರೂ ಸಿಕ್ಕಿಬಿದ್ದರು.

ಮುಂದಿನ ವಾರ ಪಕ್ಕದೂರಿನ ಹೆಂಗಸರ ಸಭೆಗೆ ಆ ಮಹಿಳಾ ಪೊಲೀಸರು ನನ್ನನ್ನೂ ಕರೆದೊಯ್ದರು. ನಾವು ಹಾದಿ ಕಟ್ಟಿದ್ದನ್ನು ಎದ್ದು ಹೇಳಲು ನನಗೆ ಒಂಚೂರೂ ಅಂಜಿಕೆಯಾಗಲಿಲ್ಲ.