ಒಂಬತ್ತು ಗಜದ ಪಾಠ

"ಹಳೀ ಸೀರಿ ಕೊಡ್ರೀ, ಹೊಸಾ ಬೋಗಾಣಿ ತಗೋರೀ!"

ಪಾತ್ರೆ ಮಾರುವವಳ ಕೂಗು ಭಾಲ್ಕಿಯ ಆ ಓಣಿಯ ತುದಿ ಮುಟ್ಟಿ ಮರಳಿತು. ಬೇರೆ ದಿನವಾಗಿದ್ದರೆ ಅನಸೂಯಾಬಾಯಿ ಬಾಗಿಲಿಗೆ ಬಂದು ಚೌಕಾಶಿಗೆ ನಿಲ್ಲುತ್ತಿದ್ದರು. ಇಂದು ಅವರು ಸೊಸೆಯ ಚೂಡಿದಾರದ ಪ್ಯಾಂಟು ತೊಟ್ಟು, ಒಂಬತ್ತು ಗಜದ ಹಸಿರು ಸೀರೆಯನ್ನು ಹೆಗಲಿಗೆ ಹಾಕಿಕೊಂಡು ಲ್ಯಾಪ್‌ಟಾಪಿನ ಮುಂದೆ ನಿಂತಿದ್ದರು. ಮೈಸೂರಿನಲ್ಲಿ ಕಾಲೇಜು ಹುಡುಗಿಯರು ಸೀರೆ ಹಿಡಿದು ಕಾಯುತ್ತಿದ್ದರು. ಅವರಿಗೆ ಕಾಣುತ್ತಿದ್ದುದು ಬರೀ ಕತ್ತಲು.

"ಕಾಕು, ದನಿ ಕೇಳ್ತದ್ರಿ, ನೀವು ಕಾಣವಲ್ರಿ," ಎಂದಳು ಪ್ರಣಿತಾ. ಔರಾದಿನ ಹುಡುಗಿ. ಅಕ್ಕನ ಮದುವೆಯಲ್ಲಿ ಅನಸೂಯಾಬಾಯಿ ಸೀರೆ ಉಡಿಸಿದ್ದನ್ನು ನೆನಪಿಟ್ಟು, ತನ್ನ ಕಾಲೇಜಿನ ನಾಟಕಕ್ಕಾಗಿ ಈ ಪಾಠವನ್ನು ಗೊತ್ತುಮಾಡಿದವಳು ಅವಳೇ.

ಬೀದರಿನಿಂದ ಔರಾದಿನವರೆಗೆ ಎಷ್ಟೋ ಮದುವಣಗಿತ್ತಿಯರು ಅನಸೂಯಾಬಾಯಿಯ ಕೈಯಲ್ಲಿ ಕಚ್ಚೆ ಸೀರೆ ಉಟ್ಟಿದ್ದಾರೆ. ಅವರು ಪಿನ್ನು ಮುಟ್ಟುವುದಿಲ್ಲ. ಸೊಂಟಕ್ಕೊಂದು ಗಂಟು, ನಿರಿಗೆ, ಹಿಂದಕ್ಕೆಳೆದು ಸಿಕ್ಕಿಸಿದ ಕಚ್ಚೆ, ಅಷ್ಟೇ. ಈಚೆಗೆ ಹೊಲಿದ ಸೀರೆ ಬಂದಿದೆ. ಜಿಪ್ಪು, ಇಲಾಸ್ಟಿಕ್ಕು, ಕಾಲು ತೂರಿಸಿದರೆ ಮುಗಿಯಿತು. ಅನಸೂಯಾಬಾಯಿ ಅದನ್ನು ಚಡ್ಡಿ ಎನ್ನುತ್ತಾರೆ. ಚಡ್ಡಿ ಬಂದ ಮೇಲೆ ಅವರನ್ನು ಕರೆಯುವವರು ಕಡಿಮೆಯಾಗಿದ್ದಾರೆ.

ನಾಟಕ ನಾಳೆ. ಇಂದು ಪಾಠ ನಡೆಯದಿದ್ದರೆ ಮೈಸೂರಿನವರೂ ಚಡ್ಡಿಯನ್ನೇ ಬಾಡಿಗೆಗೆ ತರುವವರಿದ್ದರು.

ಲ್ಯಾಪ್‌ಟಾಪು ಸೊಸೆ ಮಂಜಿರಿಯದು. ಅವಳ ಫೋನು ಬೀದರಿನಲ್ಲಿ ರಿಪೇರಿಗೆ ಕೂತಿತ್ತು. ಮಾವನದು ಗುಂಡಿ ಒತ್ತುವ ಫೋನು. ಹೈಸ್ಕೂಲಿನಲ್ಲಿ ಗಣಿತ ಹೇಳುವ ಮಂಜಿರಿ ಕ್ರಮ ತಪ್ಪುವವಳಲ್ಲ. ಸೆಟ್ಟಿಂಗಿನಲ್ಲಿ ಕ್ಯಾಮೆರಾಕ್ಕೆ ಅನುಮತಿ ಇದೆಯೇ ನೋಡಿದಳು, ಇತ್ತು. ಬೇರೆ ಯಾವ ಆ್ಯಪೂ ಕ್ಯಾಮೆರಾ ಹಿಡಿದುಕೊಂಡಿರದಂತೆ ಎಲ್ಲವನ್ನೂ ಮುಚ್ಚಿದಳು. ಲ್ಯಾಪ್‌ಟಾಪನ್ನೇ ಆರಿಸಿ ಹಚ್ಚಿ ಮತ್ತೆ ಕರೆ ಕೂಡಿಸಿದಳು. ಕತ್ತಲು ಅಲ್ಲಾಡಲಿಲ್ಲ.

ಸೀರೆಯ ಪಾಠವೆಂದು ಅಂಗಳಕ್ಕೆ ಕಳಿಸಲಾಗಿದ್ದ ಮಾವ ಭಾಲಚಂದ್ರ ಕಿಟಕಿಯಾಚೆಯಿಂದ ಹೇಳಿದರು: "ಸೆಲ್ ತಗದು ಬಿಸಲಾಗ ಇಡ್ರಿ. ನಮ್ಮ ಟೀವಿ ರಿಮೋಟ ಹಂಗೇ ನಡೀತದ."

"ಮುಂಜಾನಿಂದ ನೀವೂ ಬಿಸಲಾಗೇ ಕೂತೀರಿ," ಎಂದರು ಅನಸೂಯಾಬಾಯಿ, "ಏನರೆ ನಡದೀರೇನು?"

ಕಾಯುವುದು ಅವರಿಂದ ಆಗದು. ಕಾಣದಿದ್ದರೇನಂತೆ, ಕಿವಿ ಇವೆಯಲ್ಲ ಎಂದು ಬಾಯಿಮಾತಿನಲ್ಲೇ ಶುರುಮಾಡಿದರು. "ಬಲಗೈ ಸೆರಗ ಹಿಂದಕ ಒಗೀರಿ. ಎಡಗೈದು ಕಾಲ ನಡುವಿಂದ ಎಳೀರಿ. ಗಟ್ಟಿ ಎಳೀರಿ!"

ಆ ಕಡೆ ಏನೋ ಧೊಪ್ಪೆಂದಿತು. "ಕಾಕು," ಪ್ರಣಿತಾಳ ದನಿ ಎಲ್ಲೋ ಕೆಳಗಿನಿಂದ ಬಂತು, "ನಾವಿಬ್ಬರು ಒಂದ ಸೀರ್ಯಾಗ ಸಿಕ್ಕೇವ್ರಿ."

"ಬಿಡಿ ಆಂಟಿ, ಪರವಾಗಿಲ್ಲ," ಎಂದಳು ಜೊತೆಗೆ ಸಿಕ್ಕಿಕೊಂಡಿದ್ದ ಮೈಸೂರಿನ ಹುಡುಗಿ. "ಬಾಡಿಗೆದೇ ತಂದ್ಬಿಡ್ತೀವಿ."

ಅನಸೂಯಾಬಾಯಿಯ ಮುಖ ಇಳಿಯಿತು.

"ತಡೀರಿ ಅತ್ತಿ," ಎಂದಳು ಮಂಜಿರಿ. "ಮ್ಯಾಲಿನ ದೀಪ ಹತ್ಯದ. ಅಂದ್ರ ಕ್ಯಾಮೆರಾ ಚಾಲೂ ಅದ. ಮತ್ತ ಯಾಕ ಕಾಣವಲ್ದು?"

"ಎಲ್ಲದ ದೀಪ?" ಅನಸೂಯಾಬಾಯಿ ಪರದೆಗೆ ಮೂಗು ತಾಗುವಷ್ಟು ಬಾಗಿದರು. ಮರುಕ್ಷಣ ಅವರ ದನಿ ಅರಳಿತು. "ಅಗಽ, ನನ್ನ ಟಿಕಳಿ! ಇಲ್ಲಿ ಕೂತದ ನೋಡು!"

ಮುಂಜಾನೆ ಕ್ಯಾಮೆರಾ ಸರಿಯಾಗಿದೆಯೇ ಎಂದು ನೋಡುವಾಗ ಪರದೆಯಲ್ಲಿ ತಮ್ಮ ಮುಖ ಚೆನ್ನಾಗಿ ಕಂಡಿತ್ತು. ಪಾಠಕ್ಕೆ ದೊಡ್ಡದಿರಲಿ ಎಂದು ಹಣೆಯ ಟಿಕಳಿ ಬದಲಿಸಿಕೊಂಡಿದ್ದರು. ತೆಗೆದ ಕರಿ ಟಿಕಳಿಯನ್ನು ಕೈ ತಾನಾಗಿಯೇ ಪರದೆಯ ಮೇಲಂಚಿಗೆ, ಕ್ಯಾಮೆರಾದ ಕಣ್ಣಿಗೇ ಅಂಟಿಸಿತ್ತು. ಆ ಮನೆಯ ಕನ್ನಡಿಗಳ ಅಂಚಿನಲ್ಲೆಲ್ಲ ಹಾಗೆ ಅಂಟಿಸಿದ ಟಿಕಳಿಗಳ ಸಾಲಿದೆ.

ಮಂಜಿರಿ ಉಗುರಿನಿಂದ ಟಿಕಳಿ ಎಬ್ಬಿಸಿ, ಅಂಟನ್ನು ಓಢಣಿಯಿಂದ ಒರೆಸಿದಳು. ಮೈಸೂರಿನಲ್ಲಿ ಹೋ ಎಂದು ಕೂಗಾಯಿತು.

ಆಮೇಲೆ ಕೈ ಓಡಿತು. ಗಂಟು, ನಿರಿಗೆ, ಕಚ್ಚೆ. ಒಬ್ಬೊಬ್ಬರಾಗಿ ಹುಡುಗಿಯರೂ ಸೆಟೆದು ನಿಂತರು. ಆದರೂ ಮೈಸೂರಿನವಳಿಗೆ ಅನುಮಾನ. "ಸ್ಟೇಜ್ ಮೇಲೆ ಓಡೋ ಸೀನ್ ಇದೆ ಆಂಟಿ. ಬಿಚ್ಚಿಹೋದ್ರೆ?"

"ಬಿಚ್ತದ?" ಅನಸೂಯಾಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ನೋಡ್ರಿ ಇಲ್ಲಿ. ಹಿಂಗ ಹೊಸ್ತಲ ದಾಟಬೇಕು..."

"ಅತ್ತಿ, ಕ್ಯಾಮೆರಾ ಇಲ್ಲೇ ಅದರಿ!"

ಅವರಾಗಲೇ ಅಂಗಳದಲ್ಲಿದ್ದರು. ಮಂಜಿರಿ ಲ್ಯಾಪ್‌ಟಾಪನ್ನು ಎತ್ತಿ ಕಿಟಕಿಗೆ ಹಿಡಿದಳು. ಭಾಲಚಂದ್ರ ಕುರ್ಚಿ ಸಮೇತ ಹಿಂದೆ ಸರಿದರು. ಹಸಿರು ಸೀರೆ ಮೆಟ್ಟಿಲು ಹಾರಿ ಓಣಿಗಿಳಿಯಿತು. ಒಂದು ನಿರಿಗೆಯೂ ಕದಲಲಿಲ್ಲ.

"ಬಾಡಿಗಿ ಅಂಗಡಿಗಿ ಬ್ಯಾಡಂತ ಹೇಳ್ತೇನ್ರಿ ಕಾಕು!" ಪ್ರಣಿತಾ ಕೂಗಿದಳು.

ಕೇಳಿಸಿಕೊಳ್ಳುವವರು ಯಾರು? "ಇನ್ನ ಓಡ್ತೇನಿ ನೋಡ್ರಿ," ಅನಸೂಯಾಬಾಯಿಯ ದನಿ ಓಣಿಯ ತಿರುವಿನಲ್ಲಿ ಸಣ್ಣದಾಗುತ್ತಿತ್ತು, "ಕಚ್ಚಿ ಗಟ್ಟಿ ಇತ್ತಂದ್ರ ಹಿಂಗ ಸ್ಟೇಶನ್ ತನಕ..."